ಬಿದ್ದ ಮರದ ಸೌದೆ ಯಾರ ಪಾಲು?

ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲಿ ರಸ್ತೆಗೆ ಮರ ಬೀಳುವುದು ಹೊಸ ಸುದ್ದಿಯಲ್ಲ. ಬಿದ್ದ ಮರದ ಗತಿ ಏನಾಗುತ್ತೆ ಅನ್ನೋದೇ ಸುದ್ದಿ. ದಾರಿ ಬಿಡಿಸಲು ಕೊಯ್ದು ಪಕ್ಕಕ್ಕೆ ತಳ್ಳುತ್ತಾರೆ. ಆಮೇಲೆ ಅಳತೆ, ಮಹಜರು, ಹರಾಜು. ನಾಟಾಕ್ಕೆ ಬರುವ ದಿಮ್ಮಿ ಡಿಪೋ ಸೇರುತ್ತದೆ. ಕೊಂಬೆ-ರೆಂಬೆ ಅಲ್ಲೇ ನೆನೆದು, ಗೆದ್ದಲು ಹತ್ತಿ ಮಣ್ಣಾಗುತ್ತದೆ. ಪಕ್ಕದ ಕೇರಿಯ ಹೆಂಗಸು ಒಂದು ಹೊರೆ ಎತ್ತಿದರೆ, "ಸರ್ಕಾರದ ಮಾಲು, ಮುಟ್ಟಬೇಡಿ!"

"ಗ್ಯಾಸ್ ಬಂದಿದೆಯಲ್ಲ, ಸೌದೆ ಯಾಕ್ರೀ?" ಎನ್ನುವವರಿದ್ದಾರೆ. 2016ರಲ್ಲಿ ಶುರುವಾದ ಉಜ್ವಲ ಯೋಜನೆಯ ಸಿಲಿಂಡರ್ ಬಡವರ ಮನೆಗೂ ಬಂದಿದೆ, ನಿಜ. ಆದರೆ ಬಚ್ಚಲ ಹಂಡೆಗೆ, ಅಡಿಕೆ ಬೇಯಿಸುವ ಒಲೆಗೆ ಇವತ್ತಿಗೂ ಸೌದೆಯೇ ಬೇಕು. ಸಿಲಿಂಡರ್ ಖಾಲಿಯಾದ ದಿನ ಕೂಲಿಯವರ ಅಡುಗೆಗೂ ಅದೇ ಗತಿ.

ಕಾನೂನು ನೋಡಿದರೆ, ಬಿದ್ದ ಜಾಗಕ್ಕೊಂದು ನ್ಯಾಯ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ ಮರ ಕಡಿಯಲು ಅನುಮತಿ ಕೇಳಿದರೆ ಇಲ್ಲ ಅನ್ನುವಂತಿಲ್ಲ. 2000ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅಂಥವೇ ಮರಗಳನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ತೆಗೆಯಕೂಡದೆಂದು ತಡೆ ಹಾಕಿತು. ಅದರಲ್ಲೂ ಅರ್ಥವಿದೆ. ಒಣಗಿದ ಮರದ ಪೊಟರೆಯಲ್ಲೇ ಮರಕುಟಿಗ ಗೂಡು ಮಾಡೋದು. ಬಿದ್ದ ದಿಮ್ಮಿ ಕೊಳೆತರೇ ಕಾಡಿನ ಮಣ್ಣಿಗೆ ಗೊಬ್ಬರ. ಆದರೆ ಊರ ರಸ್ತೆಗೆ ಉರುಳಿದ ಅಕೇಶಿಯಾಕ್ಕೆ ಆ ಮಾತು ಹೊಂದೋದಿಲ್ಲ.

ಇದರ ಬೆಲೆ ತೆರುವವರು ಯಾರು? ದಾರಿ ಬದಿಯ ಸೌದೆ ಸಿಗದವರು ಬೇಸಿಗೆಗೆ ಕತ್ತಿ ಹಿಡಿದು ಕಾಡು ಹೊಗುತ್ತಾರೆ. ಡಿಸೆಂಬರಿನಿಂದ ಮೇ ತನಕ ಅಲ್ಲಿ ಉಣುಗಿನ ಕಾಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮನುಷ್ಯರಿಗೆ ಹತ್ತುವುದು ಈ ಉಣುಗು ಕಚ್ಚಿಯೇ. ಸೌದೆ, ತರಗೆಲೆಗೆ ಹೋಗುವವರಿಗೇ ಅಪಾಯ ಹೆಚ್ಚು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಆದ ಸಾವುಗಳನ್ನು ಜಿಲ್ಲೆ ಮರೆತಿಲ್ಲ.

ಅರಣ್ಯದವರ ಅಂಜಿಕೆಯೂ ಸುಳ್ಳಲ್ಲ. ಬಿದ್ದದ್ದಕ್ಕೆ ಸಲಿಗೆ ಕೊಟ್ಟರೆ ನಾಳೆ ನಿಂತದ್ದೂ ಬೀಳುತ್ತದೆ. ಬುಡದ ತೊಗಟೆ ಸುತ್ತ ಕೆತ್ತಿ, ಹಸಿ ಮರವನ್ನೇ 'ರೋಗದ ಮರ' ಮಾಡಬಲ್ಲ ನಿಪುಣರಿಗೆ ಬರವಿಲ್ಲ. ಆದರೆ ಅಂಥವನ ಕಣ್ಣು ದಿಮ್ಮಿಯ ಮೇಲೆ. ತಲೆಹೊರೆಯವಳಿಗೆ ಬೇಕಾದ್ದು ಪುಳ್ಳೆ.

ದಾರಿ ಕಷ್ಟದ್ದೇನಲ್ಲ. ಅಭಯಾರಣ್ಯದೊಳಗೆ ಬಿದ್ದದ್ದು ಅಲ್ಲೇ ಇರಲಿ. ರಸ್ತೆ ಬದಿಯ ದಿಮ್ಮಿ ಡಿಪೋಗೆ ಹೋಗಲಿ. ಕೊಂಬೆ-ರೆಂಬೆಯನ್ನು ಪಂಚಾಯ್ತಿಯವರ ಎದುರು ಲೆಕ್ಕ ಬರೆದು ಅದೇ ವಾರ ಊರವರಿಗೆ ಹಂಚಲಿ. ಆ ಸೌದೆ ಕೊಟ್ಟಿಗೆಯ ಅಟ್ಟದಲ್ಲಿ ಒಣಗಿದರೆ, ಉಣುಗಿನ ಕಾಲಕ್ಕೆ ಅಷ್ಟು ಜನ ಕಾಡು ಹೊಗೋದು ತಪ್ಪುತ್ತದೆ.

ಗೆದ್ದಲಿಗೆ ಪುಕ್ಕಟೆ ಹೋಗುವ ಸೌದೆ ಬಡವರ ಒಲೆಗೆ ಹೋಗಲು ಹರಾಜು ಯಾಕೆ ಬೇಕು?