ತಾಲ್ಲೂಕಿಗೊಬ್ಬ ಕ್ಯುರೇಟರ್ ಏಕೆ ಬೇಡ?

ಅಮೆರಿಕದ ದೊಡ್ಡ ಕಲಾ ಸಂಗ್ರಹಾಲಯವೊಂದು ತನ್ನ ಭಾರತೀಯ ಕಲಾ ವಿಭಾಗಕ್ಕೆ ಸಹಾಯಕ ಕ್ಯುರೇಟರ್ ಬೇಕೆಂದು ಅರ್ಜಿ ಕರೆದರೆ, ಅದು ಕೇಳುವ ಅರ್ಹತೆಗಳ ಪಟ್ಟಿ ದೀರ್ಘವಾಗಿಯೇ ಇರುತ್ತದೆ. ಕಲಾ ಇತಿಹಾಸದಲ್ಲಿ ಉನ್ನತ ಪದವಿ, ಬಹುತೇಕ ಡಾಕ್ಟರೇಟ್, ಕನಿಷ್ಠ ಒಂದು ಭಾರತೀಯ ಭಾಷೆಯ ಜ್ಞಾನ, ಪ್ರಕಟಿತ ಲೇಖನಗಳು. ಇಷ್ಟೆಲ್ಲ ಓದಿ ಆ ಹುದ್ದೆಗೆ ಸೇರಿದವರು ದಿನವಿಡೀ ಮಾಡುವ ಕೆಲಸವಾದರೋ ನಮ್ಮ ಕಣ್ಣಿಗೆ ಗುಮಾಸ್ತಿಕೆಯಂತೆ ಕಾಣುವಂಥದು. ಉಗ್ರಾಣದಲ್ಲಿರುವ ಒಂದೊಂದು ವಸ್ತುವನ್ನೂ ಅಳೆಯುವುದು, ಅದರ ನೋಂದಣಿ ಸಂಖ್ಯೆಯನ್ನು ತಾಳೆ ನೋಡುವುದು, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ತುಕ್ಕು ಹಿಡಿದಿದೆ ಎಂದು ಬರೆದಿಡುವುದು, ಗೋಡೆಯ ಮೇಲಿನ ನಾಲ್ಕು ಸಾಲಿನ ವಿವರಣೆಯನ್ನು ಹತ್ತು ಬಾರಿ ತಿದ್ದುವುದು, ಎರವಲು ಹೋಗುವ ವಿಗ್ರಹದ ಕಡತವನ್ನು ಸಿದ್ಧಪಡಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ, ಈ ವಸ್ತು ಎಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು, ಯಾವ ವರ್ಷ ದೇಶ ಬಿಟ್ಟಿತು ಎಂಬುದರ ಜಾಡನ್ನು ಹಿಡಿಯುವುದು.

ಈ ಕೊನೆಯ ಕೆಲಸದ ಬಗ್ಗೆಯೇ ನಾನು ಬರೆಯಹೊರಟಿರುವುದು. ಅದಕ್ಕೂ ನಮ್ಮ ಮಲೆನಾಡಿನ ಹಳ್ಳಿಗಳಿಗೂ ನಾವು ತಿಳಿದುಕೊಂಡಿರುವುದಕ್ಕಿಂತ ಹತ್ತಿರದ ಸಂಬಂಧವಿದೆ.

ಅಮೆರಿಕದ ಸಂಗ್ರಹಾಲಯಗಳಲ್ಲಿ ಭಾರತೀಯ ಕಲೆಗೆ ನೆಲೆ ದೊರೆತದ್ದು ಇಂಥ ಕೆಲವರ ದುಡಿಮೆಯಿಂದ. ಕೊಲಂಬೊದಲ್ಲಿ ಹುಟ್ಟಿದ ಆನಂದ ಕುಮಾರಸ್ವಾಮಿ 1917ರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಸೇರಿ, 1947ರಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯೊಡನೆ ಇದ್ದರು. ಅಲ್ಲಿನ ಭಾರತೀಯ ಸಂಗ್ರಹಕ್ಕೆ ಅವರು ಸಿದ್ಧಪಡಿಸಿದ ವಿವರಣಾತ್ಮಕ ಸೂಚಿಗಳು ಇಂದಿಗೂ ಬಳಕೆಯಲ್ಲಿವೆ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪಾಠ ಹೇಳಿದ್ದ ಸ್ಟೆಲ್ಲಾ ಕ್ರಾಮ್ರಿಶ್ 1954ರಿಂದ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದ ಕ್ಯುರೇಟರ್ ಆಗಿದ್ದರು. ಮಧುರೆಯಿಂದ ಹೋದ ಒಂದು ಮಂಟಪದ ಕಂಬಗಳೇ ಆ ಸಂಗ್ರಹಾಲಯದಲ್ಲಿ ನಿಂತಿವೆ. ಇವರಿಬ್ಬರ ವಿದ್ವತ್ತಿನ ಋಣ ನಮ್ಮ ಮೇಲೂ ಇದೆ.

ಹಾಗೆಂದು ಆ ಸಂಸ್ಥೆಗಳನ್ನು ಆದರ್ಶವೆಂದು ಪೂಜಿಸಬೇಕಾಗಿಲ್ಲ. ಅಲ್ಲಿನ ಕಿರಿಯ ಸಿಬ್ಬಂದಿಯ ಸಂಬಳ ಅವರ ಓದಿಗೆ ತಕ್ಕಂತಿಲ್ಲ ಎಂಬ ದೂರು ಹಳೆಯದು. 2022ರಲ್ಲಿ ಫಿಲಡೆಲ್ಫಿಯಾ ಸಂಗ್ರಹಾಲಯದ ನೌಕರರು 19 ದಿನ ಮುಷ್ಕರ ಹೂಡಿದ ಮೇಲೆಯೇ ಅವರಿಗೆ ಒಪ್ಪಂದ ದೊರೆತದ್ದು. ಅದಕ್ಕಿಂತ ಗಂಭೀರವಾದ ಆರೋಪ ಇನ್ನೊಂದಿದೆ. ವಸ್ತು ಸುಂದರವಾಗಿದ್ದರೆ ಸಾಕು, ಅದು ಎಲ್ಲಿಂದ ಬಂತೆಂದು ಕೇಳುವುದು ಬೇಡ ಎಂಬ ಧೋರಣೆ ಆ ದೇಶದ ಹಲವು ಸಂಗ್ರಹಾಲಯಗಳಲ್ಲಿ ದಶಕಗಳ ಕಾಲ ನಡೆದುಕೊಂಡು ಬಂತು. ತಮಿಳುನಾಡಿನ ಶಿವಪುರಂ ನಟರಾಜ ಕ್ಯಾಲಿಫೋರ್ನಿಯಾದಿಂದ ಹಿಂದಿರುಗಿದ್ದು 1986ರಲ್ಲಿ, ದೀರ್ಘ ವ್ಯಾಜ್ಯದ ನಂತರ. ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ 2011ರಲ್ಲಿ ಜರ್ಮನಿಯಲ್ಲಿ ಬಂಧಿತನಾಗಿ, 2022ರಲ್ಲಿ ಕುಂಭಕೋಣದ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದ. ಅವನ ಜಾಲ ಬಯಲಾದ ಮೇಲೆ ಹಲವು ಪ್ರತಿಷ್ಠಿತ ಸಂಗ್ರಹಾಲಯಗಳು ತಮ್ಮ ಕಡತಗಳನ್ನು ಹೊಸದಾಗಿ ತೆರೆಯಬೇಕಾಯಿತು. ಮೆಟ್ರೊಪಾಲಿಟನ್ ಸಂಗ್ರಹಾಲಯ 2023ರಲ್ಲಿ 15 ಶಿಲ್ಪಗಳನ್ನು ಭಾರತಕ್ಕೆ ಮರಳಿಸುವುದಾಗಿ ಹೇಳಿತು. ವಸ್ತುಗಳ ಪೂರ್ವೇತಿಹಾಸವನ್ನು ಶೋಧಿಸಲು ಹೆಚ್ಚು ಸಂಶೋಧಕರನ್ನು ನೇಮಿಸುವುದಾಗಿಯೂ ಅದೇ ವರ್ಷ ಪ್ರಕಟಿಸಿತು. 2024ರ ಜುಲೈಯಲ್ಲಿ ಭಾರತ ಮತ್ತು ಅಮೆರಿಕ ಸಾಂಸ್ಕೃತಿಕ ಸ್ವತ್ತುಗಳ ಕಳ್ಳಸಾಗಣೆ ತಡೆಯುವ ಒಪ್ಪಂದಕ್ಕೆ ಸಹಿ ಹಾಕಿದವು.

ಇಲ್ಲಿಗೆ ಕಥೆ ಸುಖಾಂತವಾದಂತೆ ತೋರುತ್ತದೆ. ಆದರೆ ಹಿಂದಿರುಗಿದ ವಿಗ್ರಹಗಳಲ್ಲಿ ಎದ್ದು ಕಾಣುವ ಪಾಲು ತಮಿಳುನಾಡಿನದು. ಇದಕ್ಕೆ ಅಲ್ಲಿ ಕಳ್ಳತನ ಹೆಚ್ಚಾಗಿದ್ದುದೊಂದೇ ಕಾರಣವಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1950ರ ದಶಕದಿಂದ ತಮಿಳುನಾಡಿನ ದೇವಾಲಯಗಳನ್ನು ಒಂದೊಂದಾಗಿ ಸುತ್ತಿ ವಿಗ್ರಹಗಳ ಛಾಯಾಚಿತ್ರ ತೆಗೆದಿಟ್ಟಿದ್ದರು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ 50 ಲಕ್ಷ ಡಾಲರಿಗೂ ಹೆಚ್ಚು ಬೆಲೆ ಕೊಟ್ಟು ಕೊಂಡ ನಟರಾಜ ಶ್ರೀಪುರಂದಾನ್ ಗ್ರಾಮದ ದೇವಾಲಯದ್ದೇ ಎಂದು ತೋರಿಸಲು ಆ ಹಳೆಯ ಛಾಯಾಚಿತ್ರ ಆಧಾರವಾಯಿತು. 2014ರಲ್ಲಿ ವಿಗ್ರಹ ಭಾರತಕ್ಕೆ ಬಂತು. ಅಂದರೆ, ಕದ್ದ ವಸ್ತುವನ್ನು ಮರಳಿ ತರುವುದು ಬರಿಯ ರಾಜತಾಂತ್ರಿಕ ಸಾಮರ್ಥ್ಯದ ಪ್ರಶ್ನೆಯಲ್ಲ. 'ಇದು ನಮ್ಮದು' ಎಂದರೆ 'ಪುರಾವೆ ತೋರಿಸಿ' ಎಂದು ಅಲ್ಲಿನ ನ್ಯಾಯಾಲಯ ಕೇಳುತ್ತದೆ. ಆಗ ತೋರಿಸಲು ಒಂದು ಚಿತ್ರ, ಒಂದು ಅಳತೆ, ಒಂದು ದಿನಾಂಕ ಬೇಕು.

ನಮ್ಮಲ್ಲಿ ಅದು ಎಷ್ಟರಮಟ್ಟಿಗೆ ಇದೆ?

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯನ್ನು ನೋಡೋಣ. ಅಲ್ಲಿನ ಅನಂತನಾಥ ಬಸದಿಯನ್ನು ಬೊಮ್ಮಣ ಶ್ರೇಷ್ಠಿ ಎಂಬ ವರ್ತಕ ಕಟ್ಟಿಸಿದನೆಂದು 1608ರ ಶಾಸನ ತಿಳಿಸುತ್ತದೆ. ಶಾಸನದ ಪಾಠವನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಓದಬಹುದು. ಕಲ್ಲಿನ ಬಸದಿ, ಮುಂದೆ ಮಾನಸ್ತಂಭ, ಸುತ್ತ ಅಡಿಕೆ ತೋಟ ಮತ್ತು ಗದ್ದೆ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಸಾಂತರರ ಕಾಲದ ಬಸದಿಗಳಿವೆ. ಸಾಗರ ತಾಲ್ಲೂಕಿನಲ್ಲಿ ಕೆಳದಿ, ಇಕ್ಕೇರಿಗಳಿವೆ. ಇವೆಲ್ಲ ಪುಸ್ತಕಗಳಲ್ಲಿ ಹೆಸರು ಪಡೆದವು. ಹೆಸರಿಲ್ಲದ ನೂರಾರು ಗುಡಿ, ಬಸದಿ, ಮಠ, ಮನೆತನಗಳಲ್ಲಿರುವ ಕಂಚಿನ ಬಿಂಬಗಳು, ಓಲೆಗರಿಗಳು, ಕೆತ್ತನೆಯ ಕಂಬಗಳು, ಭೂತದ ಮುಖವಾಡಗಳು? ಅವುಗಳ ಲೆಕ್ಕ ಹಿಡಿದವರು ಯಾರು?

ಸೇವೆಯಲ್ಲಿದ್ದಾಗ ಮುಜರಾಯಿ ದೇವಾಲಯಗಳ ಚರಾಸ್ತಿ ಪಟ್ಟಿಗಳನ್ನು ನೋಡುವ ಸಂದರ್ಭ ನನಗೆ ಅನೇಕ ಬಾರಿ ಬಂದಿದೆ. ಬೆಳ್ಳಿಯ ತೂಕ ಗ್ರಾಮಿನ ಲೆಕ್ಕದಲ್ಲಿ ಇರುತ್ತಿತ್ತು. ಹಿತ್ತಾಳೆಯ ಗಂಟೆ ಎಷ್ಟು, ಕೊಳಗ ಎಷ್ಟು ಎಂಬುದೂ ಇರುತ್ತಿತ್ತು. ವಿಗ್ರಹದ ಎದುರಿಗೆ ಮಾತ್ರ 'ಲೋಹದ್ದು, ಹಳೆಯದು, ಒಂದು' ಎಂಬಷ್ಟೇ ಬರಹ. ಎತ್ತರವಿಲ್ಲ, ಪೀಠದ ಮೇಲಿನ ಬರಹದ ಉಲ್ಲೇಖವಿಲ್ಲ, ಛಾಯಾಚಿತ್ರವಿಲ್ಲ. ಲೋಹಕ್ಕೆ ಬೆಲೆಯಿದೆ, ರೂಪಕ್ಕಿಲ್ಲ ಎಂಬ ತಿಳಿವಳಿಕೆಯಿಂದ ಹುಟ್ಟಿದ ಪಟ್ಟಿಗಳವು. ಅಂಥ ವಿಗ್ರಹ ನಾಳೆ ಲಂಡನ್ನಿನ ಹರಾಜಿನಲ್ಲಿ ಕಾಣಿಸಿಕೊಂಡರೆ ಆ ಒಂದು ಸಾಲನ್ನು ಹಿಡಿದುಕೊಂಡು ಯಾವ ವಕೀಲನೂ ವಾದ ಮಾಡಲಾರ.

ಅಪಾಯ ಕಾಲ್ಪನಿಕವೇನಲ್ಲ. 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಬಿಂಬಗಳು ಕಳುವಾದುದನ್ನು ನಾಡು ಮರೆತಿರಲಾರದು. 2015ರ ನವೆಂಬರಿನಲ್ಲಿ ತೀರ್ಥಹಳ್ಳಿ ತಾಲ್ಲೂಕಿನದೇ ಆದ ಕುಪ್ಪಳಿಯ ಕವಿಮನೆಗೆ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪ್ರಶಸ್ತಿ ಪದಕಗಳನ್ನು ಹೊತ್ತೊಯ್ದರು. ಇವೆರಡೂ ಪ್ರಸಿದ್ಧ ಸ್ಥಳಗಳಾದ್ದರಿಂದ ಮರುದಿನವೇ ಸುದ್ದಿಯಾಯಿತು. ಹೆಸರಿಲ್ಲದ ಗುಡಿಯಲ್ಲಿ ನಡೆದ ಕಳವು ಸ್ಥಳೀಯ ಠಾಣೆಯ ಒಂದು ದೂರಾಗಿ ಮುಗಿಯುತ್ತದೆ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಸ್ಥಿತಿಯೇ ಹೇಗಿದೆಯೆಂಬುದನ್ನು 2013ರ ಮಹಾಲೇಖಪಾಲರ ವರದಿ ತೋರಿಸಿತು: ಪರಿಶೀಲಿಸಿದ 1,655 ಸ್ಮಾರಕಗಳಲ್ಲಿ 92 ಇದ್ದ ಜಾಗದಲ್ಲೇ ಕಾಣಲಿಲ್ಲ. ಮುಂದೆ ಹಲವು ಪತ್ತೆಯಾದವು. ಕೆಲವು ನಗರಗಳ ಬೆಳವಣಿಗೆಯಲ್ಲಿ ಕರಗಿದ್ದವು, ಕೆಲವು ಅಣೆಕಟ್ಟುಗಳ ನೀರಿನಲ್ಲಿ ಮುಳುಗಿದ್ದವು. ಕಟ್ಟಡಗಳೇ ಕಾಣೆಯಾಗಬಹುದಾದರೆ ಅಂಗೈ ಅಗಲದ ಬಿಂಬದ ಪಾಡೇನು? ಮುಳುಗಡೆಯ ಮಾತು ಶರಾವತಿ ಕಣಿವೆಯವರಿಗೆ ವಿವರಿಸಬೇಕಾದುದಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರೂರುಗಳೇ ಎದ್ದು ಹೋದವು. ಜನರಿಗೆ ಕೊಟ್ಟ ಪರಿಹಾರದ ಕಡತಗಳಿವೆ. ಅವರು ಹೊತ್ತು ತಂದ ದೇವರುಗಳು ಈಗ ಎಲ್ಲೆಲ್ಲಿವೆ ಎಂದು ಒಂದೆಡೆ ತಿಳಿಸುವ ದಾಖಲೆಯನ್ನು ನಾನಂತೂ ಕಂಡಿಲ್ಲ.

ಹಾಗೆ ನೋಡಿದರೆ ಈ ಕೆಲಸ ನಮಗೆ ಹೊಸದಲ್ಲ. 1885ರಲ್ಲಿ ಆರಂಭವಾದ ಮೈಸೂರು ಪುರಾತತ್ತ್ವ ಇಲಾಖೆಯಲ್ಲಿ ರೈಸ್, ಆರ್. ನರಸಿಂಹಾಚಾರ್, ಎಂ. ಎಚ್. ಕೃಷ್ಣ ಅವರಂಥವರು ಎತ್ತಿನ ಗಾಡಿಯ ಕಾಲದಲ್ಲಿ ಹಳ್ಳಿಹಳ್ಳಿ ಸುತ್ತಿ, ಗುಡಿ, ವಿಗ್ರಹ, ಶಾಸನ, ನಾಣ್ಯಗಳ ವಿವರವನ್ನು ವಾರ್ಷಿಕ ವರದಿಗಳಲ್ಲಿ ಅಚ್ಚು ಹಾಕಿಸಿದರು. ನಂತರದ ದಿನಗಳಲ್ಲಿ ವ್ಯಕ್ತಿಗಳೇ ಸಂಸ್ಥೆಗಳಾಗಿ ಆ ಕೆಲಸ ಮುಂದುವರಿಸಿದರು. ಕೆಳದಿಯ ಗುಂಡಾ ಜೋಯಿಸರು ಮನೆಮನೆ ತಿರುಗಿ ಓಲೆಗರಿ, ಕಡತಗಳನ್ನು ಕೂಡಿಹಾಕಿ ಕಟ್ಟಿದ ಸಂಗ್ರಹಾಲಯ ಮುಂದೆ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂತು. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸಿದರು. ಇವರು ಯಾವ ವಿದೇಶಿ ಪದವಿಯನ್ನೂ ಹೊತ್ತು ಬಂದವರಲ್ಲ. ಆದರೆ ಒಬ್ಬ ವ್ಯಕ್ತಿಯ ಹಂಬಲದ ಮೇಲೆ ಒಂದು ನಾಡಿನ ದಾಖಲೆ ನಿಲ್ಲುವುದು ಸರಿಯಲ್ಲ. ಆ ವ್ಯಕ್ತಿಯ ನಂತರ ಏನು ಎಂಬ ಪ್ರಶ್ನೆ ಯಾವಾಗಲೂ ಉಳಿಯುತ್ತದೆ.

ಅರ್ಥಶಾಸ್ತ್ರದಲ್ಲಿ ಸಾರ್ವಜನಿಕ ಸರಕು ಎಂಬ ಪರಿಕಲ್ಪನೆಯಿದೆ. ಅದರ ಪ್ರಯೋಜನ ಎಲ್ಲರಿಗೂ ಹಂಚಿಹೋಗುವುದರಿಂದ ಯಾರೊಬ್ಬರೂ ತಾವಾಗಿ ಅದಕ್ಕೆ ಹಣ ಹಾಕುವುದಿಲ್ಲ. ದೀಪಸ್ತಂಭ ಅದರ ಹಳೆಯ ಉದಾಹರಣೆ. ಪುರಾತನ ವಸ್ತುಗಳ ನೋಂದಣಿಯೂ ಅಂಥದೇ. ಗುಡಿಯವರಿಗೆ ಅದರಿಂದ ಇಂದೇ ಲಾಭವಿಲ್ಲ. ಲಾಭ ಸಿಗುವುದು ಕಳುವಾದ ದಿನ, ಅದೂ ಇಡೀ ನಾಡಿಗೆ. ಆದ್ದರಿಂದ ಸರ್ಕಾರವೇ ಇದನ್ನು ವಹಿಸಿಕೊಳ್ಳಬೇಕು. 1972ರ ಪುರಾತನ ವಸ್ತುಗಳ ಕಾಯಿದೆ 1976ರಲ್ಲಿ ಜಾರಿಗೆ ಬಂದಾಗ ನೋಂದಣಿಯನ್ನು ಮಾಲೀಕರ ಹೊಣೆಯಾಗಿಸಿತು. 2007ರಲ್ಲಿ ಸ್ಮಾರಕ ಮತ್ತು ಪುರಾತನ ವಸ್ತುಗಳ ರಾಷ್ಟ್ರೀಯ ಅಭಿಯಾನವೂ ಆರಂಭವಾಯಿತು. ಕಾಯಿದೆ ಇದೆ, ಅಭಿಯಾನವಿದೆ; ತಾಲ್ಲೂಕಿನಲ್ಲಿ ಕುಳಿತು ಗುಡಿಯಿಂದ ಗುಡಿಗೆ ಹೋಗುವ ಮನುಷ್ಯನಿಲ್ಲ.

ನನ್ನ ಸಲಹೆ ಸರಳವಾದುದು. ಪ್ರತಿ ತಾಲ್ಲೂಕಿಗೆ ಒಬ್ಬ ಸಹಾಯಕ ಕ್ಯುರೇಟರ್ ಇರಲಿ. ಕಟ್ಟಡ ಬೇಡ, ಗಾಜಿನ ಪೆಟ್ಟಿಗೆ ಬೇಡ, ಉದ್ಘಾಟನೆಯ ಕಲ್ಲೂ ಬೇಡ. ಒಂದು ಕ್ಯಾಮೆರಾ, ಒಂದು ಅಳತೆಪಟ್ಟಿ, ಏಕರೂಪದ ಒಂದು ನಮೂನೆ, ಓಡಾಟದ ಭತ್ಯೆ ಇಷ್ಟಿದ್ದರೆ ಸಾಕು. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಿಗೆ ತಗಲುವ ವೆಚ್ಚ ಕಿರಿಯ ಅಧಿಕಾರಿಯೊಬ್ಬರ ಸಂಬಳವನ್ನು ಅಷ್ಟು ಬಾರಿ ಎಣಿಸಿದಷ್ಟು. ರಾಜ್ಯದ ಆಯವ್ಯಯದಲ್ಲಿ ಅದು ಕಣ್ಣಿಗೆ ಕಾಣದ ಮೊತ್ತ. ಇತಿಹಾಸ, ಪುರಾತತ್ತ್ವ, ದೃಶ್ಯಕಲೆ ಓದಿ ಉದ್ಯೋಗವಿಲ್ಲದೆ ಅಲೆಯುವ ನಮ್ಮ ತರುಣ ತರುಣಿಯರಿಗೆ ಓದಿದ್ದಕ್ಕೆ ಒಪ್ಪುವ ಕೆಲಸವೂ ಆಯಿತು. ಮಕ್ಕಳು ಈ ವಿಷಯಗಳನ್ನು ಆರಿಸಿಕೊಂಡರೆ ಮನೆಯವರು ಗಾಬರಿಯಾಗುವುದಕ್ಕೆ ಕಾರಣ ಆ ವಿದ್ಯೆಯ ಕೊರತೆಯಲ್ಲ, ಅದನ್ನು ಕೇಳುವ ಹುದ್ದೆಗಳ ಕೊರತೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ತಳ್ಳಿಹಾಕುವಂಥವಲ್ಲ. ಮೊದಲನೆಯದು, ಪಟ್ಟಿ ಮಾಡಿದರೆ ಕಳ್ಳರಿಗೆ ದಾರಿ ತೋರಿಸಿದಂತಾಗುವುದಿಲ್ಲವೇ ಎಂಬುದು. ಪಟ್ಟಿಯನ್ನು ಅಂತರ್ಜಾಲದಲ್ಲಿ ಹರಡಬೇಕೆಂದು ಯಾರೂ ಹೇಳುತ್ತಿಲ್ಲ. ಒಂದು ಪ್ರತಿ ಗುಡಿಯವರ ಬಳಿ, ಒಂದು ಪ್ರತಿ ಜಿಲ್ಲಾ ಖಜಾನೆಯಲ್ಲಿ, ಒಂದು ಇಲಾಖೆಯಲ್ಲಿ ಇದ್ದು, ಕಳವಾದಾಗ ಮಾತ್ರ ತೆರೆಯುವಂತಾಗಲಿ. ಅಲ್ಲದೆ ಕಳ್ಳನಿಗೆ ಪಟ್ಟಿಯ ಅಗತ್ಯವಿಲ್ಲ, ಅವನು ಹಗಲು ಬಂದು ಕೈಮುಗಿದು ನೋಡಿ ಹೋಗಿರುತ್ತಾನೆ. ಚಿತ್ರ ದಾಖಲಾಗಿರುವ ವಿಗ್ರಹವನ್ನು ಮಾರುವುದು ಅವನಿಗೆ ಕಷ್ಟ.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮ. ಪೂಜೆಗೊಳ್ಳುವ ಬಿಂಬವನ್ನು ವಸ್ತುವೆಂದು ಅಳೆಯಲು ಇವರು ಯಾರು? ಇಂದು ಅಳತೆಗೆ ಬಂದವರು ನಾಳೆ ಸುರಕ್ಷತೆಯ ಹೆಸರಿನಲ್ಲಿ ನಗರಕ್ಕೆ ಸಾಗಿಸಿಬಿಟ್ಟರೆ? ಸರ್ಕಾರಿ ನೌಕರನನ್ನು ಕಂಡರೆ ಹಳ್ಳಿಯವರಿಗೆ ಬರುವ ಈ ಅನುಮಾನಕ್ಕೆ ಆಧಾರವಿಲ್ಲವೆನ್ನಲಾರೆ. ಆದ್ದರಿಂದ ನಿಯಮದಲ್ಲೇ ಸ್ಪಷ್ಟವಾಗಿ ಬರೆದಿರಬೇಕು: ವಸ್ತು ಇದ್ದಲ್ಲೇ ಇರುತ್ತದೆ, ಮುಟ್ಟಬಾರದೆಂದರೆ ಅರ್ಚಕರೇ ಅಳತೆ ಹಿಡಿಯುತ್ತಾರೆ, ಚಿತ್ರ ತೆಗೆಯುವ ಹೊತ್ತನ್ನು ಊರವರೇ ನಿರ್ಧರಿಸುತ್ತಾರೆ. ಸ್ಥಳೀಯ ವಾಡಿಕೆ ಬಲ್ಲ, ಆ ಸೀಮೆಯ ಕನ್ನಡ ಆಡುವ ವ್ಯಕ್ತಿಯೇ ಆ ಹುದ್ದೆಯಲ್ಲಿರಬೇಕೆಂದು ನಾನು ಒತ್ತಿ ಹೇಳುವುದೂ ಈ ಕಾರಣಕ್ಕೆ.

ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ರಜೆಯಲ್ಲಿ ಜೊತೆಗೆ ಸೇರಿಸಿಕೊಳ್ಳಬಹುದು. ಮಲೆನಾಡಿನ ಮಳೆ, ಗೆದ್ದಲು, ಬೂಷ್ಟುಗಳು ಓಲೆಗರಿಗೆ ಮತ್ತು ಮರದ ಕೆತ್ತನೆಗೆ ಕೊಡುವ ಗಡುವು ಸರ್ಕಾರಿ ಕಡತಗಳ ಗಡುವಿಗಿಂತ ಚಿಕ್ಕದು. ಬೊಮ್ಮಣ ಶ್ರೇಷ್ಠಿ 1608ರಲ್ಲಿ ತಾನು ಮಾಡಿದ್ದನ್ನು ಕಲ್ಲಿನಲ್ಲಿ ಬರೆಸಿಟ್ಟದ್ದರಿಂದಲೇ ನಾವು ಇಂದು ಅವನ ಹೆಸರು ಹೇಳುತ್ತಿದ್ದೇವೆ. ನಮ್ಮ ಪಾಲಿಗೆ ಬಂದಿರುವ ಕೆಲಸ ಅದಕ್ಕಿಂತ ಸುಲಭದ್ದು, ಕಾಗದದ ಮೇಲೆ ಬರೆಯುವುದು. ಬರುವ ಆಯವ್ಯಯದಲ್ಲಾದರೂ ಅದಕ್ಕೊಂದು ಸಾಲು ಇರಲಿ.