ಮಣ್ಣಿನ ಜುಮ್ಕಿಗೆ ಯಾವ ಶಾಸ್ತ್ರ?

ನಮ್ಮ ಸಾಫ್ಟ್‌ವೇರ್ ಮಂದಿಯ ಬಟ್ಟೆ ಬೀರು ತೆಗೆದು ನೋಡಿದ್ದೀರಾ? ಕಪ್ಪು, ಬೂದಿ, ಕಡುನೀಲಿ, ಮತ್ತೆ ಕಪ್ಪು. ಮಧ್ಯೆ ಕಂಪನಿ ಕೊಟ್ಟ ನಾಲ್ಕು ಟೀ ಶರ್ಟು, ಅವೂ ಬೂದಿ ಬಣ್ಣದವೇ. ಇಂಥ ಗುಂಪಿನ ನಡುವೆ ನಾನು ನೇರಳೆ ಬಣ್ಣದ ಕುರ್ತಾ, ಅರಿಶಿನ ಬಣ್ಣದ ದುಪಟ್ಟಾ ಹಾಕ್ಕೊಂಡು, ಎಡಗಿವಿಗೆ ಮಣ್ಣಿನ ಗಿಳಿ, ಬಲಗಿವಿಗೆ ಮಣ್ಣಿನ ಸೀಬೆಹಣ್ಣು ನೇತುಹಾಕ್ಕೊಂಡು ಹೋಗ್ತೀನಿ. ಗಿಳಿಗೆ ಆ ಹಣ್ಣು ಬೇಕು. ಆದ್ರೆ ಮಧ್ಯೆ ನನ್ನ ತಲೆ ಅಡ್ಡ!

ಲಿಫ್ಟಿನಲ್ಲಿ ಸಿಕ್ಕವರು ಕೇಳೇ ಕೇಳ್ತಾರೆ. "ಏನ್ರೀ ಇವತ್ತು ವಿಶೇಷ? ಬರ್ತ್‌ಡೇನಾ?" "ಊರಲ್ಲಿ ಹಬ್ಬಾನಾ?" ನಾನು "ಇವತ್ತು ಮಂಗಳವಾರ" ಅಂತೀನಿ. ಅವರು ನಗ್ತಾರೆ, ನಾನೂ ನಗ್ತೀನಿ. ಬೆಳಗ್ಗೆ ಒಂಬತ್ತೂವರೆಗೆ ಇಬ್ಬರು ನಕ್ಕರೆ ಅದೇನು ಕಮ್ಮಿ ಲಾಭ ಅಲ್ಲ. ಆದರೂ ಆ ಪ್ರಶ್ನೆ ನನ್ನ ತಲೇಲಿ ಉಳಿದುಬಿಡುತ್ತೆ. ಬಣ್ಣ ಹಾಕ್ಕೊಳ್ಳೋಕೆ ಕಾರಣ ಯಾಕೆ ಬೇಕು?

ಯೋಚಿಸಿ ನೋಡಿ. ನಮ್ಮ ಮನೆಗಳಲ್ಲಿ ಹೆಂಗಸಿನ ಮೈಮೇಲಿನ ಒಡವೆ ಯಾವಾಗಲೂ ಬೇರೆ ಯಾರದ್ದೋ ಪರವಾಗಿ ಮಾತಾಡುತ್ತೆ. ಕತ್ತಿನ ಚಿನ್ನ ತವರುಮನೆಯವರು ಎಷ್ಟು ಹಾಕಿದರು, ಗಂಡನ ಮನೆಯವರು ಎಷ್ಟು ಮಾಡಿಸಿದರು ಅಂತ ಲೆಕ್ಕ ಒಪ್ಪಿಸುತ್ತೆ. ತಾಳಿ, ಕಾಲುಂಗುರ, ಕೈತುಂಬ ಹಸಿರು ಗಾಜಿನ ಬಳೆ, ಇವು ಮದುವೆಯಾಗಿದೆ, ಗಂಡ ಇದ್ದಾನೆ ಅಂತ ಹೇಳುತ್ತವೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಹತ್ತಿರವೂ ಇವೆ, ಪ್ರೀತಿಯಿಂದಲೇ ಹಾಕ್ಕೊಳ್ತೀನಿ. ಆದರೆ ಈ ಹುಡುಗಿ ತಮಾಷೆಯವಳು, ಇವಳಿಗೆ ಗಿಳಿ ಅಂದ್ರೆ ಇಷ್ಟ, ಮಳೆಗಾಲದಲ್ಲಿ ಕಪ್ಪೆ ಸದ್ದು ಕೇಳಿ ಖುಷಿಪಡ್ತಾಳೆ ಅಂತ ಹೇಳುವ ಒಡವೆ ಯಾವುದು? ಅಂಥದ್ದನ್ನ ಯಾರೂ ಮಾಡಿಸಿಕೊಡಲ್ಲ. ನಾವೇ ಮಾಡಿಕೊಳ್ಳಬೇಕು. ಕೈಯಲ್ಲಿ ಮಾಡಿದ, ನಲವತ್ತು ಐವತ್ತು ರೂಪಾಯಿಯ ಒಡವೆಗಿರುವ ದೊಡ್ಡ ಸ್ವಾತಂತ್ರ್ಯ ಅದೇ. ಅದು ಯಾರ ಲೆಕ್ಕದ ಪುಸ್ತಕಕ್ಕೂ ಸೇರಲ್ಲ. ಅಡವಿಡೋಕೆ ಆಗಲ್ಲ, ವರದಕ್ಷಿಣೆ ಪಟ್ಟಿಗೆ ಬರಲ್ಲ, ಕಳೆದುಹೋದರೆ ಮನೇಲಿ ಯಾರೂ ಬೈಯಲ್ಲ.

ನಾನು ಮಾಡೋದು ಹೆಚ್ಚಾಗಿ ಟೆರಾಕೋಟಾ. ಕಷ್ಟದ ವಿದ್ಯೆ ಏನಲ್ಲ, ತಾಳ್ಮೆಯ ವಿದ್ಯೆ. ಕಲ್ಲು, ಕಸ ತೆಗೆದ ನುಣುಪಾದ ಜೇಡಿಮಣ್ಣನ್ನ ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಬೇಕು. ಒಳಗೆ ಗಾಳಿ ಉಳಿಯಬಾರದು. ಆಮೇಲೆ ಉಂಡೆ, ಎಲೆ, ಹೂವು, ಗಿಳಿ, ಏನು ಬೇಕಾದರೂ. ಹಸಿ ಇರುವಾಗಲೇ ಸೂಜಿಯಲ್ಲೋ ಟೂತ್‌ಪಿಕ್‌ನಲ್ಲೋ ತೂತು ಮಾಡಿಬಿಡಬೇಕು. ಒಣಗಿದ ಮೇಲೆ ಮಾಡಲು ಹೋದರೆ ಒಡೆಯುತ್ತೆ. ಬಿಸಿಲಿಗೆ ನೇರ ಇಡಬಾರದು, ನೆರಳಲ್ಲಿ ನಾಲ್ಕೈದು ದಿನ ನಿಧಾನಕ್ಕೆ ಒಣಗಬೇಕು. ಒಳಗೆ ಸ್ವಲ್ಪ ತೇವ ಉಳಿದರೂ ಸುಡುವಾಗ ಆ ನೀರು ಆವಿಯಾಗಿ ಮಣಿಯನ್ನ ಸೀಳಿಬಿಡುತ್ತೆ. ಆಮೇಲೆ ಸುಡೋದು. ಬೆಂಗಳೂರಿನವರಾದರೆ ಪಾಟರಿ ಟೌನ್ ಇದೆ, ಹಣತೆ, ಗಣಪತಿ ಮಾಡುವ ಕುಂಬಾರರ ಬೀದಿ. ಮಣ್ಣು ಅಲ್ಲಿ ವಿಚಾರಿಸಬಹುದು, ಅವರ ಭಟ್ಟಿಯಲ್ಲಿ ನಿಮ್ಮದನ್ನೂ ಸೇರಿಸಿ ಸುಟ್ಟುಕೊಡ್ತೀರಾ ಅಂತಾನೂ ಕೇಳಬಹುದು. ಸುಟ್ಟ ಮೇಲೆ ಅಕ್ರಿಲಿಕ್ ಬಣ್ಣ, ಕೊಂಡಿ, ದಾರ. ಕೊಂಡಿ ಮಣಿಗಳಿಗೆ ಮಾಮೂಲ್‌ಪೇಟೆಗೆ ಒಂದು ಸುತ್ತು ಹೋಗಿಬಂದರೆ ವರ್ಷಕ್ಕಾಗುವಷ್ಟು ಸಿಗುತ್ತೆ. ದಿನವಿಡೀ ಸ್ಕ್ರೀನ್ ಮೇಲೆ ಮುಟ್ಟಲು ಬಾರದ ಕೋಡ್ ಬರೆಯುವ ನನಗೆ, ರಾತ್ರಿ ಬೆರಳಿಗೆ ಮಣ್ಣು ಅಂಟೋದೇ ಒಂದು ಸುಖ.

ಮಾಡೋಕೆ ಪುರುಸೊತ್ತಿಲ್ಲ ಅನ್ನುವವರಿಗೆ ಚನ್ನಪಟ್ಟಣ ಇದೆಯಲ್ಲ! ಬೆಂಗಳೂರು–ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್. ಗೊಂಬೆ ಅಂತ ನಮಗೆಲ್ಲ ಗೊತ್ತು, ಆದರೆ ಅದೇ ಕೈಗಳು ಬಳೆ, ಸರ, ಓಲೆಯನ್ನೂ ಮಾಡುತ್ತವೆ. ಹಾಲೆ ಮರದ ತುಂಡನ್ನ ಯಂತ್ರದಲ್ಲಿ ಗಿರಗಿರ ತಿರುಗಿಸಿ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನ ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕೂತುಬಿಡುತ್ತೆ. ಆಮೇಲೆ ತಾಳೆಗರಿ ಹಿಡಿದರೆ ಆ ಫಳಫಳ ಹೊಳಪು. ಬ್ರಶ್ಶೂ ಇಲ್ಲ, ಬಣ್ಣದ ಡಬ್ಬಿಯೂ ಇಲ್ಲ. ಮರವಾದ್ದರಿಂದ ಹಗುರ, ದೊಡ್ಡ ದೊಡ್ಡ ಮಣಿ ಹಾಕ್ಕೊಂಡರೂ ಕಿವಿ ಜಗ್ಗಲ್ಲ, ಕತ್ತು ನೋಯಲ್ಲ.

"ಆದ್ರೆ ಮ್ಯಾಚ್ ಆಗಲ್ವಲ್ಲ?" ಇದು ನನಗೆ ಬರುವ ಎರಡನೇ ಪ್ರಶ್ನೆ. ಈ ಮ್ಯಾಚಿಂಗ್ ಅನ್ನೋ ದೊಡ್ಡ ನಿಯಮ ಯಾರು ಮಾಡಿದರೋ! ಬಾಗಲಕೋಟೆ ಕಡೆಯ ನನ್ನ ಸಹೋದ್ಯೋಗಿ ಒಮ್ಮೆ, "ನಮ್ಮವ್ವನ ಮುಂದ ಮ್ಯಾಚಿಂಗ್ ಅಂದ್ರ ಅಕಿ ನಗತಾಳ ನೋಡ್ರಿ" ಅಂದಳು. ಸರಿಯೇ. ಇಳಕಲ್ ಸೀರೆ ನೋಡಿ, ಒಡಲು ಹಸಿರೋ ನೀಲಿಯೋ ಇದ್ದರೆ ಸೆರಗು ಕೆಂಪು. ಅದರ ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ, ಅದು ಇನ್ನೊಂದೇ ಬಣ್ಣ. ಮೂರೂ ಜಗಳ ಆಡಲ್ಲ, ಜೊತೆಗೆ ಕೂತು ಹರಟೆ ಹೊಡೆಯುತ್ತವೆ. ಇನ್ನು ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ! ಕನ್ನಡಿ ಚೂರು, ಕವಡೆ, ನಾಣ್ಯ, ಕೆಂಪು, ಹಳದಿ, ನೀಲಿ ದಾರ ಎಲ್ಲ ಒಂದೇ ಬಟ್ಟೆಯ ಮೇಲೆ. ಆ ಕಸೂತಿಗೆ 2010ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ಲಂಬಾಣಿ ಕಸೂತಿಯ ವಸ್ತುಗಳನ್ನ ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯೂ ಆಯಿತು. ಅಂದರೆ ಬಣ್ಣ ನಮಗೆ ಹೊಸದಲ್ಲ. ಹೊಸದು ಬೂದಿ ಬಣ್ಣದ ಟೀ ಶರ್ಟು.

ಇನ್ನು ಆಫೀಸಿನ ವಿಷಯ. ಕೆಲವು ವರ್ಷಗಳ ಹಿಂದೆ ನನ್ನ ಮೇಲಿನವರೊಬ್ಬರು, "ನಾಳೆ ಕ್ಲೈಂಟ್ ಕಾಲ್ ಇದೆ, ಸ್ವಲ್ಪ ಸೀರಿಯಸ್ಸಾಗಿ ಬಾಮ್ಮ" ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ, ನನ್ನ ಒಳ್ಳೇದಕ್ಕೇ ಅಂದಿದ್ದು. ರಾತ್ರಿ ಬಹಳ ಹೊತ್ತು ಯೋಚಿಸಿದೆ. ಮರುದಿನ ಕಿತ್ತಳೆ ಕುರ್ತಾ, ಚನ್ನಪಟ್ಟಣದ ಹಸಿರು ಮಣಿಸರ ಹಾಕ್ಕೊಂಡೇ ಕೂತೆ. ಅಂಕಿಅಂಶ ಎಲ್ಲ ಎರಡೆರಡು ಸಲ ನೋಡಿಕೊಂಡು ಹೋಗಿದ್ದೆ. ಮುಕ್ಕಾಲು ಗಂಟೆ ಅವರು ಕೇಳಿದ್ದೆಲ್ಲ ಸರ್ವರ್ ಯಾಕೆ ನಿಧಾನ ಅಂತ ಮಾತ್ರ. ಸೀರಿಯಸ್ ಆಗಿರಬೇಕಾದ್ದು ಕೆಲಸ ತಾನೇ? ಕಿವಿಯೋಲೆ ಯಾಕೆ ಸೀರಿಯಸ್ಸಾಗಿರಬೇಕು?

ಹಾಗಂತ ಎಲ್ಲರೂ ಹೀಗೆ ಮಾಡಿ ಅಂತ ಹೇಳಲ್ಲ. ಯೂನಿಫಾರ್ಮ್ ಇರುವ ಕೆಲಸಗಳಿವೆ, ಯಂತ್ರದ ಪಕ್ಕ ನಿಂತು ದುಡಿಯುವವರು ಸರ, ಬಳೆ ಹಾಕಲೇಬಾರದು. ಸಂಬಳ ಕೊಡುವವರ ಮುಖ ನೋಡಿ ಬಟ್ಟೆ ಆರಿಸಬೇಕಾದವರೂ ಇದ್ದಾರೆ. ಕಿತ್ತಳೆ ಬಣ್ಣಕ್ಕೆ ನಾನು ತೆತ್ತ ಬೆಲೆ ಒಂದಿಷ್ಟು ತಮಾಷೆ ಮಾತು, ಅಷ್ಟೆ. ಇದಕ್ಕಿಂತ ಹೆಚ್ಚಿನ ಬೆಲೆ ಏನು ಅಂತ ನನಗೆ ತೋರಿಸಿದವಳು ನನ್ನ ದೊಡ್ಡಮ್ಮ.

ದೊಡ್ಡಪ್ಪ ಹೋಗಿ ಆರು ವರ್ಷ. ಅದಕ್ಕೆ ಮುಂಚೆ ದೊಡ್ಡಮ್ಮ ಅಂದ್ರೆ ಬಣ್ಣ, ಬಣ್ಣ ಅಂದ್ರೆ ದೊಡ್ಡಮ್ಮ. ತುಮಕೂರಿನ ಅವಳ ಮನೆಗೆ ಬಳೆಗಾರ ಬಂದ ಅಂದ್ರೆ ನಮಗೆಲ್ಲ ಹಬ್ಬ. ದೊಡ್ಡಪ್ಪ ಹೋದ ಮೇಲೆ ಬಳೆ ಸ್ಟ್ಯಾಂಡು ಸೊಸೆಯ ಕೋಣೆಗೆ ಹೋಯಿತು. ಸೀರೆಗಳು ಒಂದೊಂದಾಗಿ ಬಿಳುಚಿಕೊಂಡವು. ಯಾರೂ "ಹಾಕ್ಕೋಬೇಡ" ಅಂತ ಬಾಯಿಬಿಟ್ಟು ಹೇಳಲಿಲ್ಲ. ಹೇಳದೇ ಇದ್ದರೂ ನಡೆಯುವ ನಿಯಮ ಅದು. 57 ವರ್ಷಕ್ಕೇ ಅವಳ ಪಾಲಿನ ಬಣ್ಣ ಮುಗಿದುಹೋಯಿತು.

ಎರಡು ವರ್ಷದ ಹಿಂದೆ ಒಂದು ಸರ ಮಾಡಿಕೊಂಡು ಹೋದೆ. "ನಂಗ್ಯಾಕೇ ಇವೆಲ್ಲ ಈಗ" ಅಂದಳು. ನಾನು ಇಂಜಿನಿಯರಲ್ವಾ, ವಾದ ರೆಡಿ ಮಾಡಿಕೊಂಡೇ ಹೋಗಿದ್ದೆ. "ನೋಡು ದೊಡ್ಡಮ್ಮ, ಗಾಜಿನ ಬಳೆಗೆ ಶಾಸ್ತ್ರ ಇದೆ, ಕರಿಮಣಿಗೆ ಶಾಸ್ತ್ರ ಇದೆ, ಕುಂಕುಮಕ್ಕೂ ಇದೆ. ಮಣ್ಣಿನ ಸರಕ್ಕೆ ಯಾವ ಶಾಸ್ತ್ರ ಇದೆ, ತೋರಿಸು." ದೊಡ್ಡಮ್ಮ ಸರವನ್ನ ಕೈಯಲ್ಲಿ ಹಿಡಿದು, ತಿರುಗಿಸಿ, ಮಣಿ ಎಣಿಸಿ, ಸುಮ್ಮನೆ ಕೂತಳು. ಆಮೇಲೆ ಕೇಳಿದ್ದು ಒಂದೇ ಮಾತು: "ಕೆಂಪು ಬೇಡ ಕಣೆ. ಸಾಸಿವೆ ಹೂವಿನ ಹಳದೀಲಿ ಮಾಡಿಕೊಡ್ತೀಯಾ?" ನಾಲ್ಕು ವರ್ಷದಲ್ಲಿ ಅವಳನ್ನ ಯಾವ ಬಣ್ಣ ಇಷ್ಟ ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅವಳೇ ಹೇಳಿದಳು.

ಮೊದಲು ಮನೆಯೊಳಗೆ ಮಾತ್ರ ಹಾಕ್ಕೊಳ್ತಿದ್ದಳು. ಆಮೇಲೆ ತರಕಾರಿ ತರೋಕೆ. ಕಳೆದ ವರ್ಷ ನೆಂಟರ ಮದುವೆಗೂ ಹಾಕ್ಕೊಂಡು ಬಂದಳು. ಹಿರಿಯರೊಬ್ಬರು "ಏನಮ್ಮಾ ಇದು, ಹೊಸಾದು?" ಅಂತ ರಾಗ ಎಳೆದರು. "ಮಣ್ಣು ಕಣಕ್ಕ. ನಾಳೆ ನಾವೂ ಸೇರೋದು ಅಲ್ಲೇ ಅಲ್ವೇ, ಈಗಲೇ ಪರಿಚಯ ಮಾಡ್ಕೊಳ್ತಿದೀನಿ" ಅಂದಳು ದೊಡ್ಡಮ್ಮ. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ಆ ತಮಾಷೆಯ ದೊಡ್ಡಮ್ಮನ ದನಿ ಕೇಳಿ ಎಷ್ಟು ವರ್ಷ ಆಗಿತ್ತೋ! ಆದರೂ ಆರತಿ ಹೊತ್ತಿಗೆ ಅವಳು ತಾನಾಗಿಯೇ ಹಿಂದಕ್ಕೆ ಸರಿದು ಕಂಬದ ಪಕ್ಕ ನಿಂತುಕೊಂಡಳು. ಒಂದು ಸರದಿಂದ ಎಲ್ಲ ಸರಿಹೋಗಿಬಿಟ್ಟಿತು ಅಂತ ಬರೆದರೆ ಸುಳ್ಳಾಗುತ್ತೆ. ಕಂಬದ ಪಕ್ಕ ನಿಂತಿದ್ದಳು, ಆದರೆ ಕತ್ತಲ್ಲಿ ಸಾಸಿವೆ ಹಳದಿ ಇತ್ತು.

ಆ ಕಂಬದಿಂದ ಈಚೆಗೆ ಬರೋಕೆ ದೊಡ್ಡ ಹೆಜ್ಜೆಗಳೂ ಬೇಕು, ಇಟ್ಟವರೂ ಇದ್ದಾರೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರು ಅರ್ಚಕರಾದರು. ನಮ್ಮ ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ, ಗಂಡ ಸತ್ತಾಗ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ಇನ್ನು ಬೇಡ ಅಂತ ನಿರ್ಣಯ ಮಾಡಿತು. ಊರು ಕೂತು ಮಾಡುವ ಕೆಲಸ ಅದು. ಮನೇಲಿ ಕೂತು ಮಾಡುವ ಕೆಲಸ ಅಂದ್ರೆ ಒಂದು ಹಳದಿ ಸರ.

ದೊಡ್ಡಮ್ಮನಿಗೆ ನಾನು ಐರಿಸ್ ಆಪ್‌ಫೆಲ್ ಅವರ ಫೋಟೋಗಳನ್ನ ತೋರಿಸಿದ್ದೆ. 1921ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಗಂಡನ ಜೊತೆ ಬಟ್ಟೆಯ ವ್ಯಾಪಾರ ನಡೆಸಿದವರು. ಮುಖದ ಅರ್ಧ ತುಂಬುವ ದುಂಡು ಕನ್ನಡಕ, ಮೊಣಕೈವರೆಗೂ ದಪ್ಪ ಬಳೆ, ಸಂತೆಯಲ್ಲಿ ಕೊಂಡ ಸರದ ಜೊತೆಗೇ ದುಬಾರಿ ಕೋಟು. 84ನೇ ವಯಸ್ಸಿನಲ್ಲಿ, 2005ರಲ್ಲಿ, ಅಲ್ಲಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಅವರ ಬಟ್ಟೆ, ಒಡವೆಗಳದ್ದೇ ಪ್ರದರ್ಶನ ಮಾಡಿತು. 97ಕ್ಕೆ ಮಾಡೆಲಿಂಗ್ ಏಜೆನ್ಸಿ ಜೊತೆ ಒಪ್ಪಂದ! 2015ರಲ್ಲಿ ಗಂಡ ತೀರಿಕೊಂಡ ಮೇಲೂ ಬಣ್ಣ ಬಿಡಲಿಲ್ಲ. 2024ರ ಮಾರ್ಚ್ 1ರಂದು ತೀರಿಕೊಂಡಾಗ ಅವರಿಗೆ 102 ವರ್ಷ. ದೊಡ್ಡಮ್ಮ ಫೋಟೋ ನೋಡಿ, "ಈಯಮ್ಮ ನಮ್ಮ ಜಾತ್ರೆ ಬಳೆ ಅಂಗಡಿ ನೋಡಿದ್ರೆ ಅಲ್ಲೇ ಇದ್ದುಬಿಡ್ತಿದ್ಲು" ಅಂದಳು.

ನೀವೂ ಶುರುಮಾಡುವುದಾದರೆ ಪೂರ್ತಿ ಕಾಮನಬಿಲ್ಲಾಗಬೇಕಿಲ್ಲ. ಒಂದೇ ವಸ್ತು ಸಾಕು. ಸಾದಾ ಹತ್ತಿ ಸೀರೆಗೆ ಮಣ್ಣಿನ ದೊಡ್ಡ ಪದಕ, ಬಿಳಿ ಕುರ್ತಾಕ್ಕೆ ಲಂಬಾಣಿ ಕಸೂತಿಯ ಚೀಲ, ಜೀನ್ಸ್ ಮೇಲೆ ಖಣದ ಕುಪ್ಪಸ. ಹಳೇ ಬಳೆಗೆ ರೇಷ್ಮೆ ದಾರ ಸುತ್ತಿದರೂ ಹೊಸ ಬಳೆ. ಮಕ್ಕಳನ್ನ ಜೊತೆಗೆ ಕೂರಿಸಿಕೊಳ್ಳಿ. ಎರಡು ಕಿವಿಗೂ ಒಂದೇ ಥರ ಇರಬೇಕು ಅಂತ ಅವರಿಗೆ ಇನ್ನೂ ಯಾರೂ ಹೇಳಿಕೊಟ್ಟಿರಲ್ಲ. ಟೆರಾಕೋಟಾ ಬಿದ್ದರೆ ಒಡೆಯುತ್ತೆ, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಕೊಳ್ಳುವುದಾದರೆ ಮಾಡಿದವರ ಕೈಯಿಂದಲೇ ಕೊಳ್ಳಿ, ಹತ್ತು ರೂಪಾಯಿಗೆ ಚೌಕಾಸಿ ಬೇಡ.

ಅದಕ್ಕಿಂತ ಮೊದಲು ಮಾಡಬೇಕಾದ ಒಂದು ಪುಕ್ಕಟೆ ಕೆಲಸ ಇದೆ. ನಿಮ್ಮ ಮನೆಯಲ್ಲೂ ಬಣ್ಣ ಬಿಟ್ಟವರು ಯಾರಾದರೂ ಇರ್ತಾರೆ. ವಯಸ್ಸಾಯ್ತು ಅಂತ, ಕಪ್ಪಗಿದ್ದೀನಿ ಅಂತ, ದಪ್ಪಗಿದ್ದೀನಿ ಅಂತ, ಗಂಡ ಹೋದ ಅಂತ. ಈ ಭಾನುವಾರ ಅವರ ಪಕ್ಕ ಕೂತು, ನಿಮಗೆ ಯಾವ ಬಣ್ಣ ಇಷ್ಟ ಅಂತ ಕೇಳಿ ನೋಡಿ. ಉತ್ತರ ಬರೋಕೆ ಸ್ವಲ್ಪ ಹೊತ್ತಾಗಬಹುದು. ಕಾಯಿರಿ.