ವಿದ್ಯೆಯ ತೂಬು ಯಾರ ಕೈಯಲ್ಲಿ?

2024ರ ನವೆಂಬರ್ 25ರಂದು ಕೇಂದ್ರ ಮಂತ್ರಿಮಂಡಲವು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆಯನ್ನಿತ್ತುದು ವಾಚಕರಿಗೆ ವಿದಿತವೇ ಇದೆ. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ತೆತ್ತು, 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ವಿದ್ವತ್ಪತ್ರಿಕೆಗಳನ್ನು ದೇಶದ 6,300ರಷ್ಟು ಸರಕಾರೀ ವಿದ್ಯಾಸಂಸ್ಥೆಗಳಿಗೂ ಸಂಶೋಧನಾಲಯಗಳಿಗೂ ಅಂತರಜಾಲದ ಮೂಲಕ ಒದಗಿಸುವ ಏರ್ಪಾಡಿದು. 2025ರ ಜನವರಿ 1ರಿಂದ ಜಾರಿಗೆ ಬಂದಿರುವ ಈ ಯೋಜನೆಗೆ ಮಂಜೂರಾದ ಹಣ 2027ರ ವರ್ಷಾಂತ್ಯದವರೆಗಿನದು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಕುಳಿತವನು ಓದುವುದನ್ನೇ ಹಿಂದುಳಿದ ಜಿಲ್ಲೆಯ ಸರಕಾರೀ ಕಾಲೇಜಿನ ಹುಡುಗನೂ ಓದಬಲ್ಲನೆಂದರೆ ಅದು ಸಣ್ಣ ಕಾರ್ಯವಲ್ಲ. ಅದನ್ನು ನಾವು ಮುಕ್ತಕಂಠದಿಂದ ಒಪ್ಪುತ್ತೇವೆ.

ಆದರೆ ಬಾಗಿಲ ಹೊರಗೆ ನಿಂತವರು ಯಾರೆಂಬುದನ್ನು ಕೇಳಬೇಡವೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಹರಿದು ಬಾಗಿಲೇ ಕೊಚ್ಚಿಹೋಯಿತು. ಜಲಾಶಯವು ತುಂಬಿ ನಿಂತಿದ್ದ ಸಮಯವದು. ಕೊಪ್ಪಳ, ಬಳ್ಳಾರಿ, ರಾಯಚೂರು ಸೀಮೆಗಳ ರೈತರು ಬೆಳೆಗೆಂದು ಕಾದಿದ್ದ ನೀರು ಕಣ್ಣೆದುರಿಗೇ ಹೊಳೆಯ ಪಾಲಾಯಿತು. ನಿವೃತ್ತ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ, ಒಂದು ವಾರದೊಳಗೆ ಪ್ರವಾಹವನ್ನು ಕಟ್ಟಲಾಯಿತು. ಆ ಕೆಲಸಗಾರರ ಧೈರ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಎಪ್ಪತ್ತು ವರ್ಷ ನೀರಿನಲ್ಲಿ ನೆನೆದ ಉಕ್ಕು ಎಲ್ಲಿ ತುಕ್ಕು ಹಿಡಿಯುತ್ತದೆ, ಪದೇ ಪದೇ ಎಳೆತಕ್ಕೆ ಸಿಕ್ಕ ಕೊಂಡಿಯು ಹೇಗೆ ದಣಿದು ಬಿರುಕು ಬಿಡುತ್ತದೆ, ಆ ಬಿರುಕನ್ನು ಧ್ವನಿತರಂಗಗಳಿಂದ ಮೊದಲೇ ಹೇಗೆ ಕಂಡುಹಿಡಿಯಬಹುದು ಎಂಬಿವೆಲ್ಲ ವಿದ್ವತ್ಪತ್ರಿಕೆಗಳಲ್ಲಿ ದಶಕಗಳಿಂದ ಚರ್ಚಿತವಾಗುತ್ತ ಬಂದ ಸಂಗತಿಗಳು. ಈ ಚರ್ಚೆ ಯಾರಿಗೆ ಅಗತ್ಯ? ಕಾಲುವೆಯ ಮೇಲೆ ನಿಂತ ಕಾರ್ಯಪಾಲಕ ಇಂಜಿನಿಯರನಿಗೆ. ಯೋಜನೆಯ ಫಲ ಹೋಗುವುದು ಕಾಲೇಜುಗಳಿಗೆ ಮತ್ತು ಸಂಶೋಧನಾಲಯಗಳಿಗೆ. ಆ ಇಂಜಿನಿಯರನ ಕಚೇರಿಯು ಎರಡೂ ಅಲ್ಲ.

ಕಾಲೇಜುಗಳ ಮಾತನ್ನೇ ನೋಡಿದರೂ ಪೂರ್ಣ ಸಮಾಧಾನವಿಲ್ಲ. 1946ರಲ್ಲಿ ಬಿ. ಎಂ. ಶ್ರೀನಿವಾಸಯ್ಯನವರು ಬೆಂಗಳೂರಿನಲ್ಲಿ ಖಾಸಗಿ ಇಂಜಿನಿಯರಿಂಗ್ ಕಾಲೇಜನ್ನು ತೆರೆದಂದಿನಿಂದ ಈ ವಿದ್ಯೆಯ ಬಹುಭಾಗವು ನಮ್ಮ ನಾಡಿನಲ್ಲಿ ಖಾಸಗಿ ಸಂಸ್ಥೆಗಳ ಆಶ್ರಯದಲ್ಲಿಯೇ ಬೆಳೆದಿದೆ. ಮೊದಲನೆಯ ಹಂತವಾದರೋ ಸರಕಾರಗಳು ನಡೆಸುವ ಸಂಸ್ಥೆಗಳಿಗೆ ಮಾತ್ರ. ನಾಳೆ ಸೇತುವೆ ಕಟ್ಟುವವನು ಯಾವ ಕಾಲೇಜಿನಲ್ಲಿ ಓದಿದನೆಂದು ನೋಡಿ ಭಾರವು ಕಡಿಮೆಯಾಗುವುದುಂಟೆ?

ಲೆಕ್ಕಪತ್ರದ ಕ್ಷೇತ್ರಕ್ಕೆ ಬಂದರೂ ಇದೇ ಕಥೆ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು ತಮ್ಮ ಪುಸ್ತಕಗಳಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿಗಳ ನಗದು ಮತ್ತು ಬ್ಯಾಂಕು ಶಿಲ್ಕು ಇರಲೇ ಇಲ್ಲವೆಂದು ತಾವೇ ಪತ್ರ ಬರೆದು ಒಪ್ಪಿಕೊಂಡರು. ವರ್ಷ ವರ್ಷವೂ ಆ ಲೆಕ್ಕಗಳಿಗೆ ಪರಿಶೋಧಕರ ಸಹಿ ಬಿದ್ದಿತ್ತು. ಮೋಸ ಮಾಡಬೇಕೆಂದವನು ನೀತಿಶಾಸ್ತ್ರದ ಪ್ರಬಂಧವನ್ನೋದಿ ಮನಸ್ಸು ಬದಲಿಸಿಯಾನೆಂದು ನಂಬುವಷ್ಟು ಮುಗ್ಧರು ನಾವಲ್ಲ. ಆದರೆ ಕಂಪನಿಯವರು ಕೊಟ್ಟ ಕಾಗದವನ್ನು ನಂಬದೆ ಠೇವಣಿಯನ್ನು ಬ್ಯಾಂಕಿನಿಂದಲೇ ವಿಚಾರಿಸುವ ಅಭ್ಯಾಸ, ದೊಡ್ಡ ಗಿರಾಕಿಯ ದಾಕ್ಷಿಣ್ಯವು ಪರಿಶೋಧಕನ ಕಣ್ಣನ್ನು ಹೇಗೆ ಮಸುಕುಗೊಳಿಸುತ್ತದೆಂಬ ವಿವೇಚನೆ, ಇವು ಗದಗಿನಲ್ಲಿಯೋ ದಾವಣಗೆರೆಯಲ್ಲಿಯೋ ಹೊಸದಾಗಿ ವೃತ್ತಿಗಿಳಿದ ತರುಣನಿಗೆ ದೊರೆಯಬೇಕು. 2018ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರವು ತನ್ನ ಶಿಸ್ತಿನ ಆಜ್ಞೆಗಳನ್ನು ಬಹಿರಂಗವಾಗಿ ಪ್ರಕಟಿಸುತ್ತಿದೆ. ಅಣೆಕಟ್ಟುಗಳ ವಿಷಯದಲ್ಲಿಯೂ ಇದೇ ಮೇಲ್ಪಂಕ್ತಿಯಾಗಲಿ. 2021ರ ಅಣೆಕಟ್ಟು ಸುರಕ್ಷತಾ ಕಾನೂನು ಮಳೆಗಾಲದ ಮೊದಲೂ ಅನಂತರವೂ ಪರೀಕ್ಷೆ ನಡೆಯತಕ್ಕದ್ದೆಂದು ವಿಧಿಸಿದೆ. ಆ ವರದಿಗಳು ನೀರು ಕುಡಿಯುವವರ ಕೈಗೂ ಸಿಗುವಂತಿರಲಿ.

ಇನ್ನು ಹಣದ ಮಾತು. ಸಂಶೋಧಕನಿಗೆ ಸಂಬಳ ಕೊಡುವವರು ನಾವು, ತೆರಿಗೆದಾರರು. ಅವನು ಪ್ರಬಂಧವನ್ನು ಸಂಭಾವನೆಯಿಲ್ಲದೆ ಬರೆಯುತ್ತಾನೆ. ಅದನ್ನು ತೂಗಿ ನೋಡುವ ಇತರ ವಿದ್ವಾಂಸರೂ ಬಹುಮಟ್ಟಿಗೆ ಸಂಭಾವನೆಯಿಲ್ಲದೆಯೇ ತೂಗುತ್ತಾರೆ. ಹಕ್ಕು ಮಾತ್ರ ಪರದೇಶದ ಪ್ರಕಾಶಕನದು. ಇಲ್ಲಿಯ ಹತ್ತಿ ಹಡಗೇರಿ ಮ್ಯಾಂಚೆಸ್ಟರಿಗೆ ಹೋಗಿ, ಬಟ್ಟೆಯಾಗಿ ಮರಳಿ ನಮಗೇ ಮಾರಾಟವಾಗುತ್ತಿದ್ದ ದಿನಗಳು ನೆನಪಿಗೆ ಬಾರದಿರವು. ಲೇಖನವನ್ನು ಎಲ್ಲರೂ ಓದುವಂತೆ ತೆರೆದಿಡಬೇಕಾದರೆ ಲೇಖಕನೇ ಶುಲ್ಕ ತೆರಬೇಕೆಂಬ ಪದ್ಧತಿಯೂ ಹುಟ್ಟಿದೆ. ಅದಕ್ಕೆಂದು ಸರಕಾರದವರು ವರ್ಷಕ್ಕೆ 150 ಕೋಟಿ ರೂಪಾಯಿಗಳನ್ನು ಬೇರೆಯೇ ತೆಗೆದಿರಿಸಿದ್ದಾರೆ. ಓದುವುದಕ್ಕೂ ಹಣ, ಓದಿಸುವುದಕ್ಕೂ ಹಣ!

ಈ ಬೆಲೆಯನ್ನು ತೆರಲಾರದವರು ಕಳ್ಳದಾರಿಯನ್ನು ಹಿಡಿದುದು ಸೋಜಿಗವಲ್ಲ. ‘ಸೈ-ಹಬ್’ ಎಂಬ ಜಾಲತಾಣದ ವಿರುದ್ಧ ಪ್ರಕಾಶಕರು 2020ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. 2025ರ ಆಗಸ್ಟಿನಲ್ಲಿ ಅದನ್ನು ತಡೆಯುವಂತೆ ಆಜ್ಞೆಯಾಯಿತು. ಕಾನೂನನ್ನು ಮುರಿಯಿರೆಂದು ನಾವು ಹೇಳುವವರಲ್ಲ. ಕಳ್ಳದಾರಿಯನ್ನು ಮುಚ್ಚಿದ ಮೇಲೆ ರಾಜಮಾರ್ಗವನ್ನು ತೆರೆಯುವ ಹೊಣೆ ಸರಕಾರದ ಮೇಲೆ ಇಮ್ಮಡಿಯಾಯಿತೆಂಬುದಷ್ಟೇ ನಮ್ಮ ವಾದ.

ಮಾರ್ಗವೇನೂ ಅಪರಿಚಿತವಲ್ಲ. 1932ರಿಂದ ಬೆಂಗಳೂರಿನಲ್ಲಿ ಹೊರಡುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯನ್ನು ಇಂದು ಯಾರು ಬೇಕಾದರೂ ಅಂತರಜಾಲದಲ್ಲಿ ಕಾಸಿಲ್ಲದೆ ಓದಬಹುದು. ಇಂಥ ಸ್ವದೇಶೀ ಪತ್ರಿಕೆಗಳು ಮಾನ್ಯತೆ ಗಳಿಸಬೇಕಾದರೆ ನಮ್ಮ ವಿಶ್ವವಿದ್ಯಾಲಯಗಳು ಅಧ್ಯಾಪಕರ ಬಡ್ತಿಯನ್ನು ಪರದೇಶದ ಪತ್ರಿಕೆಗಳ ಹೆಸರು ನೋಡಿ ಅಳೆಯುವ ಚಾಳಿಯನ್ನು ಬಿಡಬೇಕು.

ಕರ್ನಾಟಕ ಸರಕಾರಕ್ಕೂ ಇಲ್ಲೊಂದು ಕೆಲಸವಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ಮನೆಗಂದಾಯದ ಜೊತೆಯಲ್ಲಿಯೇ ಗ್ರಂಥಾಲಯ ಕರವನ್ನು ನಾವು ಕಟ್ಟುತ್ತ ಬಂದಿದ್ದೇವೆ. 2027ರ ಅನಂತರದ ಕರಾರಿಗೆ ಪ್ರಕಾಶಕರೊಡನೆ ಮಾತುಕತೆ ತೊಡಗುವ ಮುನ್ನವೇ, ಪ್ರತಿಯೊಂದು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಯಾವ ನಾಗರಿಕನಾದರೂ ಕುಳಿತು ಈ ಪತ್ರಿಕೆಗಳನ್ನು ಓದುವ ಹಕ್ಕನ್ನೂ, ನೀರಾವರಿ ಮತ್ತು ಲೋಕೋಪಯೋಗಿ ಇಲಾಖೆಗಳ ಕಚೇರಿಗಳಿಗೆ ಪ್ರವೇಶವನ್ನೂ ಆ ಕರಾರಿನಲ್ಲಿ ಸೇರಿಸುವಂತೆ ನಮ್ಮ ಮಂತ್ರಿಗಳು ದೆಹಲಿಗೆ ಬರೆದು ಒತ್ತಾಯಿಸಬೇಕು. ಹಾಗೆ ಬರೆದ ಪತ್ರವನ್ನೂ ಬಂದ ಉತ್ತರವನ್ನೂ ವಿಧಾನಸಭೆಯ ಮುಂದಿಡಲಿ.